ಕಾಲ್ಬೆರಳಿನ ಉರಿಗೆ ಪುಡಿ ಪೊಟ್ಟಣ ಉತ್ತರವಲ್ಲ

ಹೊಸತೊಡಕು ಮುಗಿದ ಮಾರನೆಯ ಬೆಳಗ್ಗೆ ನಮ್ಮ ಮಡಕಶಿರಾ ಸೀಮೆಯ ಯಾವ ಊರಿಗೆ ಹೋದರೂ ಒಬ್ಬರೋ ಇಬ್ಬರೋ ಜಗಲಿ ಮೇಲೆ ಕಾಲು ಚಾಚಿಕೊಂಡು ಕೂತಿರುತ್ತಾರೆ. ಹೆಬ್ಬೆರಳಿನ ಬುಡ ಕೆಂಪಗೆ ಊದಿರುತ್ತದೆ. ಮೇಲೆ ಪಂಚೆ ಸೋಕಿದರೂ ಜೀವ ಹೋದಂಗಾಗುತ್ತದೆ. "ಏನಣ್ಣಾ ಇದು?" ಅಂತ ಕೇಳಿದರೆ "ವಾತ ಕಣಪ್ಪಾ, ರಾತ್ರಿಯಿಂದ ಹಿಡಕೊಂಡೈತೆ" ಅನ್ನುತ್ತಾರೆ. ಪಕ್ಕದ ಮನೆಯ ತೆಲುಗಿನವರನ್ನು ಕೇಳಿದರೂ ಅದೇ ಮಾತು, "ವಾತಂ ಪಟ್ಟುಕುಂದಿ". ಎರಡು ಭಾಷೆಗೂ ಒಂದೇ ಪದ. ತಪ್ಪೂ ಇಬ್ಬರದೂ ಒಂದೇ.

ಯಾಕೆ ತಪ್ಪು ಅಂದರೆ, ನಮ್ಮ ಕಡೆ ಕೀಲು ನೋಯುವುದಕ್ಕೆಲ್ಲಾ ವಾತ ಅಂತಲೇ ಹೆಸರು. ವಯಸ್ಸಾದ ಮೇಲೆ ಮಂಡಿ ಸವೆದು ನೋಯುವುದೂ ವಾತ. ಪಾವಗಡ, ಅನಂತಪುರ ಸೀಮೆಯ ಫ್ಲೋರೈಡ್ ನೀರು ವರ್ಷಗಟ್ಟಲೆ ಕುಡಿದು ಬೆನ್ನು, ಕತ್ತು ಬಿಗಿದುಕೊಳ್ಳುವುದೂ ವಾತ. 2006ರಲ್ಲಿ ಆಂಧ್ರ, ಕರ್ನಾಟಕ ಎರಡರಲ್ಲೂ ಹಳ್ಳಿ ಹಳ್ಳಿಯನ್ನೇ ಮಲಗಿಸಿದ ಚಿಕೂನ್‌ಗುನ್ಯಾ ಉಳಿಸಿಹೋದ ನೋವೂ ವಾತ. ಈ ಹೆಬ್ಬೆರಳಿನ ಉರಿಯೂ ವಾತ. ನಾಲ್ಕು ಕಾಯಿಲೆಗೆ ಒಂದೇ ಹೆಸರಾದಾಗ ನಾಲ್ಕಕ್ಕೂ ಒಂದೇ ಪುಡಿ ಮಾರುವವನು ಬರುತ್ತಾನೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಅವನು ಇದ್ದೇ ಇದ್ದಾನೆ. ಆ ವ್ಯಾಪಾರದ ಬಗ್ಗೆ, ಈ ಕಾಯಿಲೆಯ ನಿಜಸ್ಥಿತಿಯ ಬಗ್ಗೆ ಗಡಿಯ ರೈತರು, ವರ್ತಕರು ಸ್ವಲ್ಪ ಸಾವಧಾನವಾಗಿ ಯೋಚಿಸಬೇಕೆಂಬುದು ಈ ವಾರದ ನಮ್ಮ ಬಿನ್ನಹ.

ಮೊದಲು ಕಾಯಿಲೆಯ ಗುರುತು. ಇಂಗ್ಲಿಷ್ ವೈದ್ಯರು ಇದನ್ನು ಗೌಟ್ ಅನ್ನುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಹತ್ತಿರವಾದದ್ದು ವಾತರಕ್ತ. ಚರಕ ಸಂಹಿತೆಯ ಚಿಕಿತ್ಸಾ ಸ್ಥಾನದಲ್ಲಿ ಇದಕ್ಕೆ ಬೇರೆಯದೇ ಅಧ್ಯಾಯವಿದೆ. ಅಂದರೆ ಎಲ್ಲಾ ವಾತವೂ ಒಂದಲ್ಲ ಅಂತ ನಮ್ಮ ಹಿರಿಯರಿಗೇ ಗೊತ್ತಿತ್ತು, ಮರೆತವರು ನಾವು. ನಮ್ಮ ಮೈಯ ಕಣಗಳಲ್ಲಿ, ನಾವು ತಿನ್ನುವ ಪದಾರ್ಥಗಳಲ್ಲಿ ಪ್ಯೂರಿನ್ ಅನ್ನುವ ವಸ್ತು ಇರುತ್ತದೆ. ಅದು ಒಡೆದಾಗ ಯೂರಿಕ್ ಆಮ್ಲ ಹುಟ್ಟುತ್ತದೆ. ಕೋಳಿ ಹಿಕ್ಕೆಯಲ್ಲಿ ಬೆಳ್ಳಗೆ ಕಾಣುವುದು ಇದೇ ಯೂರಿಕ್ ಆಮ್ಲ. ಹಕ್ಕಿಗಳು ಅದನ್ನು ಹಾಗೇ ಹೊರಗೆ ಹಾಕುತ್ತವೆ. ಮನುಷ್ಯನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮೂತ್ರಪಿಂಡದ ಮೂಲಕ, ಉಳಿದದ್ದು ಕರುಳಿನ ಮೂಲಕ ಹೋಗಬೇಕು. ಹೋಗದೆ ಉಳಿದರೆ ರಕ್ತದಲ್ಲಿ ಏರುತ್ತದೆ.

ಬೋರ್‌ವೆಲ್ ನೀರಿನಲ್ಲಿ ಡ್ರಿಪ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಡಸು ನೀರಿನ ಉಪ್ಪು ಎಲ್ಲಿ ಕಟ್ಟುತ್ತದೆ? ದೊಡ್ಡ ಪೈಪಿನಲ್ಲಲ್ಲ, ಲ್ಯಾಟರಲ್ ತುದಿಯ ಸಣ್ಣ ತೂತಿನಲ್ಲಿ. ಹಾಗೇ ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರಿಗೆ 6.8 ಮಿಲಿಗ್ರಾಂ ಹತ್ತಿರ ದಾಟಿದರೆ ಕರಗಿ ಉಳಿಯಲಾರದು, ಸೂಜಿಯಂಥ ಹರಳು ಕಟ್ಟಲು ಶುರುವಾಗುತ್ತದೆ. ಮೈಯ ತುದಿಯಲ್ಲಿರುವ, ತಣ್ಣಗಿರುವ ಜಾಗವೇ ಅದಕ್ಕೆ ಅನುಕೂಲ. ಆದ್ದರಿಂದಲೇ ಹೆಬ್ಬೆರಳ ಬುಡ ಮೊದಲು, ಹಿಮ್ಮಡಿ ಗಂಟು, ಮಂಡಿ ಆಮೇಲೆ. ರಾತ್ರಿ ಹೊತ್ತು ಬರುವುದೂ ಹೆಚ್ಚು. ನಲವತ್ತು ದಾಟಿದ ಗಂಡಸರಿಗೆ ಜಾಸ್ತಿ, ಹೆಂಗಸರಿಗೆ ಮುಟ್ಟು ನಿಂತ ಮೇಲೆ. ಒಂದು ವಾರ, ಹತ್ತು ದಿನದಲ್ಲಿ ಅದರಷ್ಟಕ್ಕೆ ಅದೇ ಇಳಿಯುತ್ತದೆ. ಪುಡಿ ಮಾರುವವನ ಪುಣ್ಯ ಇರುವುದು ಇಲ್ಲೇ. ಏನು ಕೊಟ್ಟರೂ ಹತ್ತು ದಿನಕ್ಕೆ ವಾಸಿ, ಹೆಸರು ಪುಡಿಗೆ.

ಇದನ್ನು ಬರೆಯುತ್ತಿರುವವನು ಕೇಳಿ ತಿಳಿದು ಬರೆಯುತ್ತಿಲ್ಲ, ಅನುಭವಿಸಿ ಬರೆಯುತ್ತಿದ್ದಾನೆ. ಮೊದಲ ಸಲ ಹಿಡಿದಾಗ ನಾನೂ ಜಾತ್ರೆಯಲ್ಲಿ ಪುಡಿ ತಂದೆ. "ಶುದ್ಧ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅಂತ ಕನ್ನಡದಲ್ಲೂ ತೆಲುಗಿನಲ್ಲೂ ಕೂಗುತ್ತಿದ್ದ. ಎರಡೇ ಹೊತ್ತಿಗೆ ನೋವು ಮಾಯ. ಗಿಡಮೂಲಿಕೆ ಅಷ್ಟು ಬೇಗ ಕೆಲಸ ಮಾಡುತ್ತದಾ ಅಂತ ಆವತ್ತು ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ನೋವು ಬಂದಾಗೆಲ್ಲಾ ಪುಡಿ, ಬರದಿದ್ದರೂ ಪುಡಿ. ಮುಖ ದುಂಡಗಾಯಿತು. "ಮೈ ಕೈ ತುಂಬ್ಕೊಂಡಿದೀಯಲ್ಲೋ" ಅಂತ ನೆಂಟರು ಖುಷಿಪಟ್ಟರು. ಕೊನೆಗೆ ಬೇರೆ ಯಾವುದಕ್ಕೋ ರಕ್ತ ಕೊಟ್ಟಾಗ ಸಕ್ಕರೆ ಏರಿತ್ತು, ಕ್ರಿಯಾಟಿನಿನ್ ಕೂಡ ಏರಿತ್ತು. ವೈದ್ಯರು ಪೊಟ್ಟಣ ನೋಡಿ ತಲೆ ಆಡಿಸಿದರು. ಮುಖ ಹೀಗೆ ಊದಬೇಕಾದರೆ ಇದರಲ್ಲಿ ಸ್ಟಿರಾಯ್ಡ್ ಬೆರೆಸಿರಬೇಕು ಅಂದರು.

ಇದು ಒಬ್ಬನ ಕತೆಯಲ್ಲ. ಗಿಡಮೂಲಿಕೆ ಅಂತ ಮಾರುವ ನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್, ನೋವಿನ ಮಾತ್ರೆ ಅರೆದು ಬೆರೆಸುವುದು ದೇಶದುದ್ದಕ್ಕೂ ಹಲವು ಸಲ ಸಿಕ್ಕಿಬಿದ್ದ ದಂಧೆ. ಸ್ಟಿರಾಯ್ಡ್ ಕೆಟ್ಟ ಔಷಧವಲ್ಲ. ವೈದ್ಯರು ಅಳೆದು ನಾಲ್ಕು ದಿನ ಕೊಟ್ಟರೆ ಗೌಟಿಗೂ ಒಳ್ಳೆಯದೇ. ಗೊತ್ತಿಲ್ಲದೆ ತಿಂಗಳಾನುಗಟ್ಟಲೆ ತಿಂದರೆ ಮಾತ್ರ ಮೂಳೆ ಟೊಳ್ಳು, ಸಕ್ಕರೆ ಏರಿಕೆ, ಮುಖದ ಊತ. ಇನ್ನೊಂದು ಎಚ್ಚರಿಕೆ. ಇಂಥ ಪುಡಿ ಬಹಳ ದಿನ ತಿಂದವರು ಈ ಬರಹ ಓದಿ ನಾಳೆ ಬೆಳಗ್ಗೆಯೇ ತಟ್ಟನೆ ನಿಲ್ಲಿಸಬಾರದು. ಮೈ ತಾನಾಗಿ ಮಾಡಿಕೊಳ್ಳುವ ಸ್ಟಿರಾಯ್ಡನ್ನು ಅಷ್ಟರಲ್ಲಿ ಮರೆತುಬಿಟ್ಟಿರುತ್ತದೆ, ತಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಪೊಟ್ಟಣ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ, ನಾಚಿಕೆ ಬೇಡ.

ನೋವಿನ ಮಾತ್ರೆಯದೂ ಇದೇ ಕತೆ. ದನ ಸಾಕಿದವರಿಗೆ ಒಂದು ಸಂಗತಿ ನೆನಪಿಸುತ್ತೇವೆ. ನಮ್ಮ ಬಾಲ್ಯದಲ್ಲಿ ಸತ್ತ ದನ ಎಳೆದುಹಾಕಿದರೆ ಗಂಟೆಯೊಳಗೆ ರಣಹದ್ದು ಇಳಿಯುತ್ತಿದ್ದವು, ಈಗ ಒಂದೂ ಇಲ್ಲ. 2004ರಲ್ಲಿ ವಿಜ್ಞಾನಿಗಳು ಕಾರಣ ಹಿಡಿದರು. ದನಕ್ಕೆ ಕೊಟ್ಟ ಡೈಕ್ಲೋಫಿನಾಕ್ ಸೂಜಿಯ ಅಂಶ ಹೆಣದ ಮೂಲಕ ಹದ್ದಿನ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಕರುಳು, ಪಿತ್ತಕೋಶದ ಮೇಲೆಲ್ಲಾ ಸುಣ್ಣ ಬಳಿದ ಹಾಗೆ ಕಟ್ಟಿ ಅವು ಸಾಯುತ್ತಿದ್ದವು. ಹದ್ದಿಗೆ ಬಂದದ್ದೂ ಗೌಟೇ. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಈ ಔಷಧ ನಿಷೇಧಿಸಿತು. ಮನುಷ್ಯನ ಮೂತ್ರಪಿಂಡ ಹದ್ದಿನದಷ್ಟು ನಾಜೂಕಲ್ಲ ನಿಜ. ಆದರೆ ಅದೇ ಮಾತ್ರೆಯನ್ನು ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಂಡು, ಬೇಸಿಗೆಯಲ್ಲಿ ನೀರೂ ಸರಿಯಾಗಿ ಕುಡಿಯದೆ, ದಿನಕ್ಕೆರಡರಂತೆ ವರ್ಷ ನುಂಗಿದರೆ ಮೂತ್ರಪಿಂಡ ಸೋಲುತ್ತದೆ. ಸೋತ ಮೂತ್ರಪಿಂಡ ಯೂರಿಕ್ ಆಮ್ಲ ಹೊರಹಾಕದು. ನೋವು ಇನ್ನೂ ಹೆಚ್ಚು, ಮಾತ್ರೆ ಇನ್ನೂ ಹೆಚ್ಚು. ಗಾಣದೆತ್ತಿನ ಸುತ್ತು ಇದು.

ಹಂಗಾದರೆ ಗಿಡಮೂಲಿಕೆ, ಪಥ್ಯ ಎಲ್ಲಾ ಸುಳ್ಳಾ? ಅಲ್ಲ. ಅದರ ಜಾಗ ಯಾವುದು ಅಂತ ತಿಳಿದಿರಬೇಕು, ಅಷ್ಟೆ.

ಪಥ್ಯವನ್ನೇ ಮೊದಲು ನೋಡೋಣ. ಕುರಿಯ ಲಿವರ್, ಗುಂಡಿಗೆ, ಬೋಟಿ, ಮಿದುಳು, ಇವುಗಳಲ್ಲಿ ಪ್ಯೂರಿನ್ ಬಹಳ. ಒಣಮೀನು, ಸಣ್ಣ ಮೀನು, ಸಿಗಡಿಯಲ್ಲೂ ಜಾಸ್ತಿ. ಮಟನ್ನು ವಾರಕ್ಕೊಮ್ಮೆ ಕಡಿಮೆ ತಿನ್ನಿ. ಹಬ್ಬದ ದಿನ ಮೂರು ಹೊತ್ತೂ ಅದೇ ಆಗದಿರಲಿ. ಕುಡಿತದಲ್ಲಿ ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು, ಬ್ರಾಂದಿ, ವಿಸ್ಕಿ ಅದರ ತಮ್ಮಂದಿರು. ಗಡಿ ದಾಟಿದರೆ ಬಾಟಲಿಯ ಲೇಬಲ್ಲೂ ಬೆಲೆಯೂ ಬದಲಾಗುತ್ತದೆ, ಯೂರಿಕ್ ಆಮ್ಲ ಮಾತ್ರ ಬದಲಾಗುವುದಿಲ್ಲ. ಬಾಟಲಿಯಲ್ಲಿ ಬರುವ ಬಣ್ಣದ ತಂಪು ಪಾನೀಯ ಕುಡಿಯುವ ಹುಡುಗರಿಗೂ ಒಂದು ಮಾತು. ಅದರ ಸಕ್ಕರೆಯಲ್ಲಿರುವ ಫ್ರುಕ್ಟೋಸ್ ಮೈಯೊಳಗೆ ಯೂರಿಕ್ ಆಮ್ಲ ಹೆಚ್ಚಿಸುತ್ತದೆ. ಹೆಂಡ ಮುಟ್ಟದವನಿಗೂ ಗೌಟ್ ಬರುವುದಕ್ಕೆ ಇದೂ ಒಂದು ದಾರಿ.

ಇನ್ನು ಬೇಳೆಯ ವಿಷಯ. ಯೂರಿಕ್ ಆಸಿಡ್ ಅಂದ ಕೂಡಲೇ "ತೊಗರಿಬೇಳೆ ಬಿಡು, ಪಾಲಕ್ ಬಿಡು, ಟೊಮ್ಯಾಟೊ ಬಿಡು" ಅಂತ ಊರೆಲ್ಲಾ ಹೇಳುತ್ತದೆ. ಬೇಳೆ ಬಿಟ್ಟರೆ ಬಡವನ ತಟ್ಟೆಯಲ್ಲಿ ಉಳಿಯುವುದೇನು? ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ. ಮಾಂಸ, ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚು. ಪ್ಯೂರಿನ್ ಇರುವ ಕಾಳು, ಸೊಪ್ಪು, ತರಕಾರಿ ತಿಂದವರಿಗೆ ಹೆಚ್ಚಾಗಲಿಲ್ಲ. ಹಾಲು, ಮೊಸರಿನವರಿಗೆ ಕಡಿಮೆಯೇ ಆಯಿತು. ಆದ್ದರಿಂದ ರಾಗಿ ಮುದ್ದೆ, ಬಸ್ಸಾರು, ಜೋಳದ ರೊಟ್ಟಿ, ಹೆಸರುಬೇಳೆ, ನುಗ್ಗೆಸೊಪ್ಪು ಹೆದರದೆ ಉಣ್ಣಿ. ಬೆಣ್ಣೆ ತೆಗೆದ ಮಜ್ಜಿಗೆ ನಮ್ಮ ಸೀಮೆಯ ದೊಡ್ಡ ಔಷಧ. ಹೊಲಕ್ಕೆ ಹೋಗುವಾಗ ತಂಬಿಗೆ ಮಜ್ಜಿಗೆ ಜೊತೆಗಿರಲಿ.

ನೀರು ಬಹಳ ಮುಖ್ಯ. ಏಪ್ರಿಲ್, ಮೇ ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೆ ರಕ್ತ ಮಂದವಾಗಿ ಹರಳು ಕಟ್ಟುತ್ತದೆ, ಮೂತ್ರದ ಕಲ್ಲೂ ಆಗುತ್ತದೆ. ಮೂತ್ರ ಹಳದಿಯಾಗದಷ್ಟು ಕುಡಿಯಬೇಕು. ಹೃದಯದ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರು ಹೇಳಿದಷ್ಟೇ. ತೂಕ ಹೆಚ್ಚಿದ್ದರೆ ನಿಧಾನವಾಗಿ ಇಳಿಸಿ. ನಾಲ್ಕು ದಿನ ಉಪವಾಸ ಬಿದ್ದು ಇಳಿಸಲು ಹೋದರೆ ಯೂರಿಕ್ ಆಮ್ಲ ಏರುತ್ತದೆ. ಶಿವರಾತ್ರಿ ಮಾರನೆಯ ದಿನ ಕೆಲವರಿಗೆ ಕಾಲು ಹಿಡಿಯುವುದು ಇದಕ್ಕೇ.

ಮೂಲಿಕೆಗೆ ಬರೋಣ. ವಾತರಕ್ತಕ್ಕೆ ಆಯುರ್ವೇದ ಮುಖ್ಯವಾಗಿ ಹೇಳುವುದು ಅಮೃತಬಳ್ಳಿ, ತೆಲುಗಿನ ತಿಪ್ಪತೀಗ. ಬೇಲಿ ಮೇಲೆ ಹಬ್ಬಿರುತ್ತದೆ. ಒಳ್ಳೆಯ ಬಳ್ಳಿ, ಆದರೆ ದಿನಾ ಲೋಟಗಟ್ಟಲೆ ಕಷಾಯ ಕುಡಿಯುವ ವಸ್ತುವಲ್ಲ. ಕೊರೊನಾ ಕಾಲದಲ್ಲಿ ಹಾಗೆ ಕುಡಿದ ಕೆಲವರ ಪಿತ್ತಕೋಶಕ್ಕೆ ಪೆಟ್ಟಾಯಿತೆಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಜಾತಿಯ ಬೇರೆ ಬಳ್ಳಿ ಬೆರೆತಿರಬಹುದು ಅಂದಿತು. ಯಾರ ಮಾತು ಹಿಡಿದರೂ ನಮಗೆ ಪಾಠ ಒಂದೇ. ಓದಿದ ವೈದ್ಯರನ್ನು ಕೇಳಿ, ಬಳ್ಳಿ ಗುರುತಿಸಿ, ಅಳತೆಯಲ್ಲಿ ತಗೊಳ್ಳಿ. ಕಾಮಾಲೆ ಲಕ್ಷಣ ಕಂಡರೆ ಬಿಡಿ. ನೆಲ್ಲಿಕಾಯಿಯಲ್ಲಿ ಸಿ ಜೀವಸತ್ವ ಧಾರಾಳ, ಅದು ಯೂರಿಕ್ ಆಮ್ಲವನ್ನು ಸ್ವಲ್ಪ ಇಳಿಸುತ್ತದೆ. ಸ್ವಲ್ಪ ಅಂದರೆ ಸ್ವಲ್ಪವೇ. ನೆಗ್ಗಿಲು, ಕೊಮ್ಮೆ ಸೊಪ್ಪು ನಮ್ಮವರು ಮೂತ್ರ ಸಲೀಸಾಗಲೆಂದು ಬಳಸುವವು. ಲಕ್ಕಿ ಸೊಪ್ಪಿನ, ಅಂದರೆ ವಾವಿಲಾಕಿನ ಬಿಸಿ ಶಾಖ ಸವೆದ ಮಂಡಿಗೆ ಹಿತ. ಆದರೆ ಉರಿಯುತ್ತಿರುವ ಗೌಟಿನ ಬೆರಳಿಗೆ ಬಿಸಿ ಶಾಖ, ಎಣ್ಣೆ ತಿಕ್ಕುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಕಾಲು ಎತ್ತರದಲ್ಲಿಟ್ಟು ಮಲಗಿದರೆ ಆರಾಮ.

ಒಂದು ಗೆಡ್ಡೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಮಳೆಗಾಲದಲ್ಲಿ ಬೇಲಿಯಲ್ಲಿ ಬೆಂಕಿ ಜ್ವಾಲೆಯ ಹಾಗೆ ಕೆಂಪು ಹಳದಿ ಹೂ ಬಿಡುವ ಗೌರಿ ಹೂ, ಅಗ್ನಿಶಿಖೆ. ಅದರಲ್ಲಿ ಕಾಲ್ಚಿಸಿನ್ ಇದೆ. ಗೌಟ್ ಉಲ್ಬಣಿಸಿದಾಗ ಇಂಗ್ಲಿಷ್ ವೈದ್ಯರು ಕೊಡುವ ಸಣ್ಣ ಮಾತ್ರೆಯೂ ಅದೇ ಕಾಲ್ಚಿಸಿನ್. ತಮಿಳುನಾಡಿನ ಧಾರಾಪುರಂ, ಒಡ್ಡನ್‌ಛತ್ರಂ ಕಡೆ ರೈತರು ಬೀಜಕ್ಕಾಗಿ ಇದನ್ನು ಬೆಳೆಯುತ್ತಾರೆ. ಇದನ್ನು ಕೇಳಿ "ಮಾತ್ರೆ ಯಾಕೆ, ಗೆಡ್ಡೆಯೇ ಇದೆಯಲ್ಲಾ" ಅನ್ನುವವರಿದ್ದಾರೆ. ಮಾತ್ರೆಯಲ್ಲಿ ಇರುವುದು ಅರ್ಧ ಮಿಲಿಗ್ರಾಂ. ಗೆಡ್ಡೆಯಲ್ಲಿ ಎಷ್ಟಿದೆ ಅಂತ ನಾಲಗೆ ಅಳೆಯಲಾರದು. ವಾಂತಿ ಭೇದಿಯಿಂದ ಶುರುವಾಗಿ ಪ್ರಾಣ ಹೋಗುತ್ತದೆ. ಕನ್ನಡದಲ್ಲಿ ಅದಕ್ಕೆ ಗೌರಿಯ ಹೆಸರು, ಪೂಜೆಯ ಹೆಸರು. ತೆಲುಗಿನಲ್ಲಿ ಅಡವಿನಾಭಿ, ವಿಷದ ಹೆಸರು. ಈ ಒಂದು ವಿಷಯದಲ್ಲಿ ನಾವು ತೆಲುಗಿನ ಹೆಸರನ್ನೇ ನೆನಪಿಟ್ಟುಕೊಳ್ಳುವುದು ಕ್ಷೇಮ.

ಇಷ್ಟೆಲ್ಲಾ ಪಥ್ಯ ಮಾಡಿದರೆ ಎಷ್ಟು ಇಳಿಯುತ್ತದೆ? ಸಾಮಾನ್ಯವಾಗಿ ಒಂದು ಅಂಕಿ. ಒಂಬತ್ತಿದ್ದದ್ದು ಎಂಟಾದೀತು. ಬೇಕಾದದ್ದು ಆರಕ್ಕಿಂತ ಕೆಳಗೆ. ಯಾಕೆಂದರೆ ಯೂರಿಕ್ ಆಮ್ಲದ ಮೂರನೇ ಒಂದು ಪಾಲು ಮಾತ್ರ ಊಟದಿಂದ, ಉಳಿದದ್ದು ಮೈಯೇ ಮಾಡುವುದು. ಬಹುಪಾಲು ರೋಗಿಗಳಲ್ಲಿ ದೋಷ ತಿನ್ನುವುದರಲ್ಲಿಲ್ಲ, ಹೊರಹಾಕುವುದರಲ್ಲಿದೆ. ಅಪ್ಪನಿಗಿದ್ದರೆ ಮಗನಿಗೂ ಬರಬಹುದು. ಆದ್ದರಿಂದ ಗೌಟ್ ಬಂದವನನ್ನು "ತಿಂದದ್ದು ಜಾಸ್ತಿ ಆಯ್ತು" ಅಂತ ಹಂಗಿಸುವುದೂ ತಪ್ಪು.

ವರ್ಷಕ್ಕೆ ಎರಡು ಮೂರು ಸಲ ಹಿಡಿಯುವವರಿಗೆ, ಗಂಟು ಕಟ್ಟಿದವರಿಗೆ, ಕೀಲು ಹಾಳಾಗುತ್ತಿರುವವರಿಗೆ ಮಾತ್ರೆ ಬೇಕು. 1966ರಿಂದ ಬಳಕೆಯಲ್ಲಿರುವ ಅಲ್ಲೋಪ್ಯೂರಿನಾಲ್ ದುಬಾರಿಯಲ್ಲ. ಅದನ್ನು ಕಂಡುಹಿಡಿದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ವೈದ್ಯರು 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ, ರಕ್ತ ನೋಡಿಕೊಂಡು ಏರಿಸುತ್ತಾರೆ. ಶುರುವಿನ ತಿಂಗಳುಗಳಲ್ಲಿ ನೋವು ಮತ್ತೆ ಬರಬಹುದು. ಡ್ರಿಪ್ ಪೈಪಿಗೆ ಆಸಿಡ್ ಬಿಟ್ಟಾಗ ಕಟ್ಟಿದ ಉಪ್ಪು ಚಕ್ಕೆ ಚಕ್ಕೆಯಾಗಿ ಎದ್ದು ಇನ್ನೊಂದು ಕಡೆ ಸಿಕ್ಕಿಕೊಳ್ಳುವುದಿಲ್ಲವೆ, ಹಾಗೆ. "ಮಾತ್ರೆ ಆಗಿಬರಲಿಲ್ಲ" ಅಂತ ನಮ್ಮವರು ಬಿಡುವುದು ಅಲ್ಲೇ, ಪುಡಿಯವನ ಹತ್ತಿರ ಹೋಗುವುದೂ ಅಲ್ಲೇ. ಬಿಡಬಾರದು. ಆದರೆ ಮೈಮೇಲೆ ಗಂಧೆ, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು. ನೋವೇ ಇಲ್ಲದೆ ರಿಪೋರ್ಟಿನಲ್ಲಿ ಮಾತ್ರ ಏಳೂವರೆ ಬಂದವರು ಮಾತ್ರೆ ನುಂಗುವ ಅಗತ್ಯ ಸಾಮಾನ್ಯವಾಗಿ ಇಲ್ಲ. ನೋವು ಹಿಡಿದ ದಿನ ಪರೀಕ್ಷೆ ಮಾಡಿಸಿದರೆ ಅಂಕಿ ಸರಿಯಾಗಿಯೇ ಕಾಣಬಹುದು, ಎರಡು ವಾರ ಬಿಟ್ಟು ಮತ್ತೆ ಮಾಡಿಸಬೇಕು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಕೆಲವು ಅಂಥ ಮಾತ್ರೆ ಯೂರಿಕ್ ಆಮ್ಲ ಏರಿಸುತ್ತವೆ.

ಕೊನೆಗೆ ಸರ್ಕಾರಗಳಿಗೆ ಎರಡು ಮಾತು. ನಮ್ಮ ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಂ ಮಂಡಲಗಳ ರೋಗಿ ಒಂದು ದಿನ ಹಿಂದೂಪುರಕ್ಕೆ ಹೋಗುತ್ತಾನೆ, ಇನ್ನೊಂದು ದಿನ ಸಿರಾ, ಪಾವಗಡ, ತುಮಕೂರಿಗೆ ಹೋಗುತ್ತಾನೆ. ಚೀಟಿ ಇಂಗ್ಲಿಷ್, ಮಾತು ಕನ್ನಡ, ಪಂಚಾಯ್ತಿ ಕಾಗದ ತೆಲುಗು. ಅಲ್ಲಿನ ವೈದ್ಯರು ಬರೆದದ್ದು ಇಲ್ಲಿನವರಿಗೆ ಗೊತ್ತಾಗದೆ ಒಂದೇ ಜಾತಿಯ ನೋವಿನ ಮಾತ್ರೆ ಎರಡು ಹೆಸರಿನಲ್ಲಿ ನುಂಗುವವರಿದ್ದಾರೆ. ಗಡಿಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಯೂರಿಕ್ ಆಮ್ಲ, ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಔಷಧ ತಗೊಳ್ಳುವ ಕ್ರಮ ಕನ್ನಡ, ತೆಲುಗು ಎರಡರಲ್ಲೂ ಒಂದು ಹಾಳೆಯಲ್ಲಿ ಅಚ್ಚಾಗಿ ಕೈಗೆ ಸಿಗಬೇಕು. ಸಂತೆ, ಜಾತ್ರೆಗಳ ಪುಡಿಯ ಮಾದರಿಯನ್ನು ಎರಡೂ ರಾಜ್ಯದ ಔಷಧ ನಿಯಂತ್ರಣದವರು ತೆಗೆದು ಪರೀಕ್ಷಿಸಬೇಕು. ಮಾರುವವನು ಈ ಕಡೆ ಹಿಡಿದರೆ ಆ ಕಡೆ ನೆಗೆಯುತ್ತಾನೆ, ಆದ್ದರಿಂದ ಇಬ್ಬರೂ ಕೂಡಿ ಮಾಡದಿದ್ದರೆ ಪ್ರಯೋಜನವಿಲ್ಲ.

ಅಂಗಡಿ ಇಟ್ಟಿರುವ ನಮ್ಮ ವರ್ತಕ ಬಾಂಧವರೂ ಒಂದು ಉಪಕಾರ ಮಾಡಬಹುದು. ಲೇಬಲ್ಲಿಲ್ಲದ, ತಯಾರಿಸಿದವರ ಹೆಸರಿಲ್ಲದ, ಲೈಸೆನ್ಸ್ ನಂಬರಿಲ್ಲದ ನೋವಿನ ಪುಡಿಯನ್ನು ಅಂಗಡಿಯಲ್ಲಿ ಇಡಬೇಡಿ. ಅದರಿಂದ ಬರುವ ಹತ್ತು ರೂಪಾಯಿ ಲಾಭ ಯಾರದೋ ಮೂತ್ರಪಿಂಡದಿಂದ ಬಂದದ್ದು. ರೈತ ಬಾಂಧವರೇ, ಮುಂದಿನ ಸಲ ಹೆಬ್ಬೆರಳು ಉರಿದರೆ ಮೊದಲು ಕೇಳಬೇಕಾದದ್ದು "ಯಾವ ಪುಡಿ?" ಅಂತಲ್ಲ, "ಇದು ಯಾವ ವಾತ?" ಅಂತ. ಅದಕ್ಕೆ ಉತ್ತರ ರಕ್ತ ಪರೀಕ್ಷೆಯ ಚೀಟಿಯಲ್ಲಿ, ನೋಡಿ ಹೇಳುವ ವೈದ್ಯರ ಹತ್ತಿರ ಇದೆ. ಮಜ್ಜಿಗೆ, ನೀರು, ಮಿತವಾದ ಊಟ ನಮ್ಮ ಕೈಯಲ್ಲೇ ಇದೆ. ಅದನ್ನು ಇವತ್ತಿಂದಲೇ ಶುರು ಮಾಡೋಣ.